ಹಾಡಿಗೂ ದರಪಟ್ಟಿಗೂ ನಡುವೆ

ಗೀಗೀ ಮೇಳ ನೋಡಿದವರಿಗೆ ಗೊತ್ತು. ದಪ್ಪು ಬಾರಿಸುತ್ತ ಮುಂದೆ ನಿಂತವರು ಇಡೀ ರಾತ್ರಿ ಕಥೆ ಹೇಳುತ್ತಾರೆ. ಬೆಳಗಾದ ಮೇಲೆ ಜನ ಎತ್ತು ಹೊಡೆಯುತ್ತ ಗುನುಗುವುದು ಮಾತ್ರ ಹಿಂದೆ ತುಂತುಣಿ ಮೀಟುತ್ತ ನಿಂತವರ ಸೊಲ್ಲನ್ನು. ಕಥೆ ಮರೆತುಹೋದರೂ ಸೊಲ್ಲು ಉಳಿಯುತ್ತದೆ. ನಾಯಕನೊಬ್ಬನನ್ನು ಗೇಲಿ ಮಾಡುವ ಹಾಡಿನ ಗುಟ್ಟೂ ಇದೇ. ಅದು ವಾದ ಹೂಡುವುದಿಲ್ಲ, ಸಾಕ್ಷಿ ಒದಗಿಸುವುದಿಲ್ಲ. ಜನರ ಮನಸ್ಸಿನಲ್ಲಿ ಮೊದಲೇ ಇದ್ದ ಸಂಶಯಕ್ಕೆ ಒಂದು ಸೊಲ್ಲು ಕಟ್ಟಿಕೊಡುತ್ತದೆ, ಅಷ್ಟೇ.

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಚುನಾವಣೆ ಬಂತೆಂದರೆ ಆಟೊ ತಲೆಯ ಮೇಲೆ ಮೈಕು ಏರುತ್ತದೆ. ಸಿನಿಮಾ ಹಾಡಿನ ಧಾಟಿ, ಮಾತು ಮಾತ್ರ ಬೇರೆ. ಒಂದು ಆಟೊ ಹೊಗಳುತ್ತ ಹೋದರೆ ಹಿಂದಿನದು ತೆಗಳುತ್ತ ಬರುತ್ತದೆ. ಈಗ ಆ ಕೆಲಸದ ಬಹುಪಾಲನ್ನು ಮೊಬೈಲ್ ರೀಲ್ಸು ವಹಿಸಿಕೊಂಡಿದೆ. ಇಂಥ ಲೇಖನಗಳಲ್ಲಿ ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಷರೀಫರನ್ನೂ ಹಿರೇಕೆರೂರಿನ ಅಬಲೂರಿನ ಜೊತೆ ಹೆಸರು ತಳುಕು ಹಾಕಿಕೊಂಡ ಸರ್ವಜ್ಞನನ್ನೂ ಎಳೆದು ತರುವುದು ರೂಢಿ. ನನಗೆ ಅದು ಒಗ್ಗುವುದಿಲ್ಲ. ಷರೀಫರು ಹಾಡಿದ್ದು ಒಳಗಿನ ಲೆಕ್ಕ, ಅವರನ್ನು ಪಕ್ಷದ ವೇದಿಕೆ ಹತ್ತಿಸುವುದು ಬೇಡ.

ನಮ್ಮ ಕಡೆ ಸರ್ಕಾರದ ಮೇಲೆ ಹಾಡು ಕಟ್ಟಿದ ಪುರಾವೆ ಬೇಕೆಂದರೆ ಬೇರೆ ಕಡೆ ನೋಡಬೇಕು. ಶಾಸನಗಳ ಬೆನ್ನು ಹತ್ತಿದ ವಿದ್ವಾಂಸರೆಂದು ಹೆಸರಾದ ಜೆ.ಎಫ್. ಫ್ಲೀಟ್ ಮುಂಬಯಿ ಸರ್ಕಾರದ ಅಧಿಕಾರಿ. 1880ರ ದಶಕದಲ್ಲಿ ಅವರು ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಅಚ್ಚು ಹಾಕಿಸಿದರು. ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರ ಲಾವಣಿಗಳ ಸಾಲಿನಲ್ಲಿ ಆದಾಯ ತೆರಿಗೆ ಹೇರಿದ್ದನ್ನು ಕುರಿತ ಒಂದು ಲಾವಣಿಯೂ ಇದೆ. 1857ರ ದಂಗೆಯಿಂದ ಬರಿದಾದ ಖಜಾನೆ ತುಂಬಲು 1860ರಲ್ಲಿ ಬ್ರಿಟಿಷರು ತಂದ ತೆರಿಗೆ ಅದು. ಸರ್ಕಾರ ಹಾಕಿದ ತೆರಿಗೆಯ ಬಗ್ಗೆ ಜನ ಹಾಡಿಕೊಂಡಿದ್ದನ್ನು ಅದೇ ಸರ್ಕಾರದ ಸಂಬಳ ತಿನ್ನುವವರೊಬ್ಬರು ಬರೆದಿಟ್ಟರು.

ಇನ್ನು ನಮ್ಮ ಕಾಲಕ್ಕೆ ಬರೋಣ. ಶಿಗ್ಗಾವಿ, ಸವಣೂರು ಎರಡೂ ಒಂದೇ ವಿಧಾನಸಭಾ ಕ್ಷೇತ್ರದಲ್ಲಿವೆ. ಅಲ್ಲಿಂದ 2008ರಿಂದ ಗೆಲ್ಲುತ್ತ ಬಂದ ಬಿಜೆಪಿಯ ಬಸವರಾಜ ಬೊಮ್ಮಾಯಿ 2021ರ ಜುಲೈ 28ರಂದು ಮುಖ್ಯಮಂತ್ರಿಯಾದರು. ಕಾಮಗಾರಿ ಬಿಲ್ಲಿಗೆ ಶೇ 40 ಕಮಿಷನ್ ಕೇಳುತ್ತಾರೆಂದು ಗುತ್ತಿಗೆದಾರರ ಸಂಘ ಪ್ರಧಾನಿಗೆ ಪತ್ರ ಬರೆದಿತ್ತು. ಅದು ಆರೋಪ, ತೀರ್ಪಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ಕಾಂಗ್ರೆಸ್ಸಿನ ‘ಪೇಸಿಎಂ’ ಪೋಸ್ಟರುಗಳು ಬಂದವು. ಅಂಗಡಿಯಲ್ಲಿ ಹಣ ಕಳಿಸಲು ಸ್ಕ್ಯಾನ್ ಮಾಡುವ ಚೌಕ, ಅದರ ನಡುವೆ ಮುಖ್ಯಮಂತ್ರಿಯ ಮುಖ.

ಪೋಸ್ಟರು ಹಾಡಲ್ಲ, ನಿಜ. ಆದರೆ ಅದು ಕೆಲಸ ಮಾಡಿದ್ದು ಸೊಲ್ಲಿನ ಹಾಗೆ. ‘ನಲವತ್ತು’ ಎಂಬ ಒಂದೇ ಸಂಖ್ಯೆ ಹಾಡುಗಳಿಗೆ, ಟೀಶರ್ಟುಗಳಿಗೆ, ವೇದಿಕೆಯ ಘೋಷಣೆಗಳಿಗೆಲ್ಲ ಪಲ್ಲವಿಯಾಯಿತು. ಚಹಾದಂಗಡಿಯಲ್ಲಿ ಫೋನ್ ಎತ್ತಿ ಹಣ ಕಳಿಸುವಾಗೆಲ್ಲ ಆ ಚಿತ್ರ ನೆನಪಾಗಬೇಕು, ಹಾಗೆ ಹೆಣೆದದ್ದು ಅದು. ದಿನಾ ಮಾಡುವ ಕೆಲಸಕ್ಕೆ ಗೇಲಿಯನ್ನು ಗಂಟು ಹಾಕಿದರೆ ಅದನ್ನು ಬಿಚ್ಚುವುದು ಕಷ್ಟ.

ಆಮೇಲೆ ಏನಾಯಿತು ಎಂಬುದನ್ನು ನಿಧಾನವಾಗಿ ನೋಡಬೇಕು. ಪೋಸ್ಟರು ಅಂಟಿಸಿದವರ ಮೇಲೆ ಪೊಲೀಸರು ಹೂಡಿದ್ದು ಸಾರ್ವಜನಿಕ ಸ್ಥಳ ವಿರೂಪಗೊಳಿಸುವುದನ್ನು ತಡೆಯುವ 1981ರ ಕಾನೂನು. ಅಂದರೆ ಅಪರಾಧವಾಗಿದ್ದು ಗೋಡೆಗೆ, ಮುಖಕ್ಕಲ್ಲ. 2023ರ ಮೇ ತಿಂಗಳಲ್ಲಿ, ಮತದಾನಕ್ಕೆ ಕೆಲವೇ ದಿನ ಇರುವಾಗ, ಅದೇ ಕಾಂಗ್ರೆಸ್ ಪಕ್ಷ ಪತ್ರಿಕೆಗಳಲ್ಲಿ ‘ಭ್ರಷ್ಟಾಚಾರದ ದರಪಟ್ಟಿ’ ಎಂಬ ಜಾಹೀರಾತು ಕೊಟ್ಟಿತು. ಯಾವ ಹುದ್ದೆಗೆ ಎಷ್ಟು, ಯಾವ ಕೆಲಸಕ್ಕೆ ಎಷ್ಟು ಎಂದು ಕೋಷ್ಟಕ. ಈ ಸಲ ಬಿಜೆಪಿ ಕಡೆಯಿಂದ ಬಂದದ್ದು ಮಾನನಷ್ಟ ಮೊಕದ್ದಮೆ. 2024ರ ಜೂನ್‌ನಲ್ಲಿ ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್, ಬಳಿಕ ರಾಹುಲ್ ಗಾಂಧಿ ಬೆಂಗಳೂರಿನ ನ್ಯಾಯಾಲಯಕ್ಕೆ ಬಂದು ಜಾಮೀನು ಪಡೆಯಬೇಕಾಯಿತು.

ಎರಡರ ಗುರಿ ಒಂದೇ. ಆದರೆ ಪೇಸಿಎಂ ಗೇಲಿ ಎಂದು ಮಗುವಿಗೂ ತಿಳಿಯುತ್ತದೆ. ಮುಖ್ಯಮಂತ್ರಿಗೆ ಫೋನಿನಲ್ಲಿ ಹಣ ಹಾಕಬಹುದೆಂದು ಯಾರೂ ನಂಬುವುದಿಲ್ಲ. ದರಪಟ್ಟಿ ಹಾಗಲ್ಲ. ಅದು ಅಂಕಿ ಇಟ್ಟು, ಇದು ನಿಜ ಎಂದು ಹೇಳುವ ಧಾಟಿಯದು. ಕಾನೂನಿನ ಕಣ್ಣಿಗೆ ಈ ವ್ಯತ್ಯಾಸ ದೊಡ್ಡದು. ‘ಇವನು ಊಸರವಳ್ಳಿ’ ಎಂದು ಹಾಡಿದರೆ ಅದು ಅಭಿಪ್ರಾಯ. ‘ಇಂಥ ದಿನ, ಇಂಥವರಿಂದ, ಇಷ್ಟು ಲಕ್ಷ ತಗೊಂಡ’ ಎಂದು ಹಾಡಿದರೆ ಅದು ಸಂಗತಿ, ಕೇಳಿದಾಗ ರುಜುವಾತು ಕೊಡಬೇಕು. ಕ್ರಿಮಿನಲ್ ಮಾನನಷ್ಟದ ಕಾನೂನು ಸಂವಿಧಾನಕ್ಕೆ ವಿರುದ್ಧವಲ್ಲ ಎಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಚುನಾವಣೆ ಹೊತ್ತಿನಲ್ಲಿ ಇನ್ನೊಂದು ಎಚ್ಚರ ಬೇಕು. ಎದುರಾಳಿ ಅಭ್ಯರ್ಥಿಯ ನಡತೆಯ ಮೇಲೆ ಸುಳ್ಳೆಂದು ಗೊತ್ತಿದ್ದೂ ಹಬ್ಬಿಸಿದ ಮಾತು ಜನಪ್ರತಿನಿಧಿ ಕಾಯ್ದೆಯ 123ನೇ ಕಲಮಿನಡಿ ಭ್ರಷ್ಟ ಆಚರಣೆ, ಅದರಿಂದ ಗೆದ್ದವರ ಗೆಲುವೇ ರದ್ದಾಗಬಹುದು.

ಹಾಗಾದರೆ ಬರೀ ಗೇಲಿ ಮಾಡಿದವರು ಕ್ಷೇಮವೇ? ಕಾಗದದ ಮೇಲೆ ಹೌದು. ಬರೀ ಸರ್ಕಾರವನ್ನು ಟೀಕಿಸಿದ್ದು ರಾಜದ್ರೋಹವಲ್ಲ, ಹಿಂಸೆಗೆ ಪ್ರಚೋದಿಸಿದರೆ ಮಾತ್ರ ಅಪರಾಧ ಎಂದು ಕೇದಾರನಾಥ್ ಸಿಂಗ್ ಪ್ರಕರಣದಲ್ಲಿ 1962ರಲ್ಲೇ ತೀರ್ಮಾನವಾಗಿತ್ತು. ಆದರೂ 2015ರಲ್ಲಿ ತಮಿಳುನಾಡಿನ ಜನಪದ ಗಾಯಕ ಕೋವನ್ ಅವರನ್ನು, ಸರ್ಕಾರಿ ಮದ್ಯದಂಗಡಿಗಳ ವಿಷಯದಲ್ಲಿ ಜಯಲಲಿತಾ ಅವರನ್ನು ಟೀಕಿಸಿ ಹಾಡಿದ್ದಕ್ಕೆ ರಾಜದ್ರೋಹದ ಕಲಮಿನಡಿ ಬಂಧಿಸಿದರು. ನಮ್ಮಲ್ಲೇ 2020ರ ಜನವರಿಯಲ್ಲಿ ಆನೆಗೊಂದಿ ಉತ್ಸವದಲ್ಲಿ ಕವಿತೆ ಓದಿದ ಸಿರಾಜ್ ಬಿಸರಳ್ಳಿ ಅವರ ಮೇಲೆ ಗಂಗಾವತಿಯಲ್ಲಿ ಪ್ರಕರಣ ದಾಖಲಾಯಿತು. ಆ ಕವಿತೆ ಕೇಳಿದ್ದು ಪೌರತ್ವದ ದಾಖಲೆಯ ಕುರಿತ ಒಂದು ಪ್ರಶ್ನೆ. ಕೊನೆಗೆ ಶಿಕ್ಷೆಯಾಗುವುದು ಅಪರೂಪ. ಆದರೆ ಠಾಣೆ, ವಕೀಲರು, ಕೋರ್ಟಿನ ಅಲೆದಾಟ ಇವೇ ಶಿಕ್ಷೆಯಾಗಿ ಬಿಡುತ್ತವೆ. ದಿನಗೂಲಿ ಬಿಟ್ಟು ಕೋರ್ಟಿಗೆ ಹೋಗುವ ಹಾಡುಗಾರನಿಗೆ ಒಂದೊಂದು ತಾರೀಖೂ ದಂಡವೇ.

2025ರ ಮಾರ್ಚ್ 28ರಂದು ಸುಪ್ರೀಂ ಕೋರ್ಟ್ ಈ ನೋವಿಗೆ ಸ್ವಲ್ಪ ಮದ್ದು ಹಚ್ಚಿತು. ಸಂಸದ ಇಮ್ರಾನ್ ಪ್ರತಾಪ್‌ಗಢಿ ಹಾಕಿದ ವಿಡಿಯೊದ ಹಿನ್ನೆಲೆಯಲ್ಲಿದ್ದ ಒಂದು ಕವಿತೆಗಾಗಿ ಗುಜರಾತಿನ ಜಾಮ್‌ನಗರದಲ್ಲಿ ಹೂಡಿದ್ದ ಪ್ರಕರಣ ಅದು. ನ್ಯಾಯಾಲಯ ಅದನ್ನು ರದ್ದು ಮಾಡಿತು. ಮಾತಿನ ಪರಿಣಾಮವನ್ನು ಅಳೆಯಬೇಕಾದದ್ದು ಗಟ್ಟಿ ಮನಸ್ಸಿನವರ ಅಳತೆಗೋಲಿನಿಂದ, ಪ್ರತಿ ಟೀಕೆಗೂ ಬೆಚ್ಚುವವರ ಅಳತೆಯಿಂದಲ್ಲ ಎಂಬುದು ಅದರ ತಿರುಳು. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಇಂಥ ದೂರುಗಳಲ್ಲಿ ಎಫ್‌ಐಆರ್ ಹಾಕುವ ಮೊದಲು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಲು ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅವಕಾಶವಿದೆ. ಪೊಲೀಸರು ಅದನ್ನು ಬಳಸುವುದು ಸೂಕ್ತ ಎಂದೂ ನ್ಯಾಯಾಲಯ ಹೇಳಿತು. ಠಾಣೆಯಿಂದ ಕರೆ ಬಂದವರು ಕೇಳಿ ಪಡೆಯಬೇಕಾದ ಅವಕಾಶ ಇದು.

ಹಾಡಿಗೆ ಬಾಗಿಲು ಮುಚ್ಚಲು ಪೊಲೀಸರೇ ಬೇಕೆಂದಿಲ್ಲ. 2017ರ ಬ್ರಿಟನ್ ಚುನಾವಣೆಯಲ್ಲಿ ಪ್ರಧಾನಿ ತೆರೇಸಾ ಮೇ ಅವರನ್ನು ಸುಳ್ಳುಗಾರ್ತಿ ಎಂದ ಒಂದು ಹಾಡು ಅಲ್ಲಿನ ಮಾರಾಟ ಪಟ್ಟಿಯಲ್ಲಿ ನಾಲ್ಕನೇ ಸ್ಥಾನಕ್ಕೇರಿತು. ಬಿಬಿಸಿ ರೇಡಿಯೊ ಅದನ್ನು ಹಾಕಲೇ ಇಲ್ಲ. ಚುನಾವಣೆ ಹೊತ್ತಿನಲ್ಲಿ ಪಕ್ಷಪಾತವಾಗುತ್ತದೆ ಎಂಬ ಕಾರಣ ಕೊಟ್ಟಿತು. ಕಾರಣ ಪೂರಾ ಪೊಳ್ಳೆಂದು ನಾನು ಹೇಳಲಾರೆ. ನಮ್ಮ ಆಕಾಶವಾಣಿಯ ಕಥೆ ಅದಕ್ಕಿಂತ ಕಹಿ. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರದ ಕಾರ್ಯಕ್ರಮಕ್ಕೆ ಬರಲು ಒಪ್ಪದ ಕಿಶೋರ್ ಕುಮಾರ್ ಹಾಡುಗಳೇ 1976ರಲ್ಲಿ ರೇಡಿಯೊದಿಂದ ಮಾಯವಾದವು. ಅವು ಪ್ರೇಮಗೀತೆಗಳು ಸ್ವಾಮಿ, ಪ್ರತಿಭಟನೆಯ ಹಾಡುಗಳಲ್ಲ.

ಇಷ್ಟೆಲ್ಲ ಆಗಿಯೂ ಹಾಡು ಮತ ತರುತ್ತದೆಯೇ? 2023ರಲ್ಲಿ ನಲವತ್ತರ ಸೊಲ್ಲು ರಾಜ್ಯದ ತುಂಬ ಮೊಳಗಿತು, ಸರ್ಕಾರ ಬಿತ್ತು. ಹಿರೇಕೆರೂರಿನಲ್ಲಿ ಸಿನಿಮಾದಿಂದ ಬಂದು ಕೃಷಿ ಸಚಿವರಾಗಿದ್ದ ಬಿ.ಸಿ. ಪಾಟೀಲರು ಸೋತರು. ಆದರೆ ಹಾಡಿನ ಮುಖ್ಯ ಗುರಿಯೇ ಆಗಿದ್ದ ಬೊಮ್ಮಾಯಿ ಶಿಗ್ಗಾವಿಯಲ್ಲಿ 35,978 ಮತಗಳ ಅಂತರದಿಂದ ಗೆದ್ದರು. ಮರು ವರ್ಷ ಅವರು ಲೋಕಸಭೆಗೆ ಹೋಗಿ, ನವೆಂಬರಿನ ಉಪಚುನಾವಣೆಗೆ ಮಗ ಭರತ್ ನಿಂತಾಗ ಅದೇ ಕ್ಷೇತ್ರ 13,448 ಮತಗಳಿಂದ ಕಾಂಗ್ರೆಸ್ಸಿನ ಯಾಸಿರ್ ಅಹ್ಮದ್ ಖಾನ್ ಪಠಾಣ್ ಕಡೆ ವಾಲಿತು. ನನಗನಿಸುವುದಿಷ್ಟು: ಗೇಲಿಯ ಚಿತ್ರ ಅಂಟುವುದು ಮುಖವನ್ನು ಪೋಸ್ಟರಿನಲ್ಲೇ ನೋಡಿದವರಿಗೆ. ಮದುವೆಗೆ ಬಂದು ಹೋದವರನ್ನು, ರಸ್ತೆ ಮಾಡಿಸಿದವರನ್ನು ಅಥವಾ ಮಾಡಿಸದವರನ್ನು ಊರಿನವರು ಬೇರೆ ಲೆಕ್ಕದಲ್ಲಿ ತೂಗುತ್ತಾರೆ.

ಕೊನೆಗೆ ಧಾಟಿಯ ಮಾತು. ಶಾಸಕರ ಮೇಲೆ ಹಾಡು ಕಟ್ಟುವ ಹುಡುಗರು ಮಾತಿಗೆ ಹೆದರುತ್ತಾರೆ, ಸಿಕ್ಕಿಬೀಳುವುದು ಸಂಗೀತದಲ್ಲಿ. 2022ರ ನವೆಂಬರಿನಲ್ಲಿ ‘ಕೆಜಿಎಫ್ 2’ರ ಸಂಗೀತವನ್ನು ಭಾರತ್ ಜೋಡೊ ಯಾತ್ರೆಯ ವಿಡಿಯೊಗೆ ಬಳಸಿದರೆಂದು ಎಂಆರ್‌ಟಿ ಮ್ಯೂಸಿಕ್ ದೂರಿದಾಗ, ಕಾಂಗ್ರೆಸ್ಸಿನ ಟ್ವಿಟರ್ ಖಾತೆಯನ್ನೇ ತಡೆಹಿಡಿಯಲು ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಹೇಳಿತ್ತು. ಮರುದಿನ ಹೈಕೋರ್ಟು ಆ ತುಣುಕುಗಳನ್ನು ತೆಗೆಯಬೇಕೆಂಬ ಷರತ್ತಿನ ಮೇಲೆ ಆದೇಶ ಬದಿಗಿಟ್ಟಿತು. ದೊಡ್ಡ ಪಕ್ಷಕ್ಕೆ ಒಂದು ದಿನದಲ್ಲಿ ಹೈಕೋರ್ಟು ಸಿಗುತ್ತದೆ. ಹಾನಗಲ್ಲಿನ ಹುಡುಗನಿಗೆ ಸಿಗಲಿಕ್ಕಿಲ್ಲ. ಅವನು ಸಿನಿಮಾ ಧಾಟಿ ಬಿಟ್ಟು ಅಜ್ಜನ ಕಾಲದ ಗೀಗೀ ಧಾಟಿ ಹಿಡಿಯಲಿ. ಅದಕ್ಕೆ ಮಾಲೀಕರಿಲ್ಲ. ಆದರೆ ದಪ್ಪು ತಾನೇ ಬಾರಿಸಬೇಕು, ಯಾವುದೋ ಕ್ಯಾಸೆಟ್ಟಿನಿಂದ ಎತ್ತಿದರೆ ಅದಕ್ಕೂ ಒಬ್ಬ ಮಾಲೀಕ ಇರುತ್ತಾನೆ.