ಅಪರೂಪದ ಯೆಜ್ಡಿಯೋ, ಊರೆಲ್ಲ ಬಲ್ಲ ಯೆಜ್ಡಿಯೋ?

ಹೋದ ಭಾನುವಾರ ನನ್ನ ಹಳೇ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಮಸಿನಗುಡಿಯಲ್ಲಿ ಜೀಪು ಓಡಿಸುತ್ತಾನೆ. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಮೊಬೈಲು ತೆಗೆದು ಎರಡು ಫೋಟೋ ತೋರಿಸಿದ. "ಮೇಷ್ಟ್ರೇ, ಇದ್ರಲ್ಲಿ ಯಾವ್ದು ತಗೊಳ್ಲಿ ಹೇಳಿ."

ಒಂದು ಗುಂಡ್ಲುಪೇಟೆಯಲ್ಲಿದ್ದ ಯೆಜ್ಡಿ ರೋಡ್‌ಕಿಂಗ್. ಇನ್ನೊಂದು ಮೈಸೂರಿನಲ್ಲಿದ್ದ ಯೆಜ್ಡಿ 350, ಎರಡು ಸಿಲಿಂಡರಿನದು. ಎರಡನೆಯದಕ್ಕೆ ಮೊದಲನೆಯದರ ಎರಡು ಪಟ್ಟು ಬೆಲೆ. ಹುಡುಗನ ಮನಸ್ಸು ಆಗಲೇ ಅಲ್ಲಿಗೆ ಹೋಗಿತ್ತು. "ರೋಡ್‌ಕಿಂಗ್ ಎಲ್ರ ಹತ್ರಾನೂ ಇದೆ ಮೇಷ್ಟ್ರೇ. ಇದು ನಮ್ ಜಿಲ್ಲೇಲಿ ಒಂದೋ ಎರಡೋ ಇರ್ಬಹುದು ಅಷ್ಟೇ!" ಕೈಯಲ್ಲಿರುವುದು ನಾಲ್ಕು ವರ್ಷ ಕೂಡಿಟ್ಟ ದುಡ್ಡು. ಮನೆಗೆ ಇರುವ ಬೈಕೂ ಅದೊಂದೇ ಆಗಬೇಕು. ಅದಕ್ಕೇ ಈ ಬರಹ.

ದುಡ್ಡಿದ್ದವರ ಲೋಕದಲ್ಲೂ ಇದೇ ಪ್ರಶ್ನೆ ಇದೆ ನೋಡಿ. 1973ರ ಪೋರ್ಷೆ 911 ಕರೆರಾ ಆರ್‌ಎಸ್ 2.7 ಒಟ್ಟು 1,580 ಮಾತ್ರ ತಯಾರಾದವು. ಸಾಮಾನ್ಯ 911ಕ್ಕೂ ಅದಕ್ಕೂ ಈಗ ಬೆಲೆಯಲ್ಲಿ ಅಜಗಜಾಂತರ. ಆದರೆ ಅದು ರೇಸಿಗೆಂದೇ ಹಗುರ ಮಾಡಿ ತಯಾರಿಸಿದ ಕಾರು. ಅದರ ಅಪರೂಪಕ್ಕೆ ಒಂದು ಅರ್ಥವಿದೆ. ನಮ್ಮ ಯೆಜ್ಡಿ 350 ಅಪರೂಪವಾದದ್ದು ಯಾಕೆ?

ಸ್ವಲ್ಪ ಹಿಂದಕ್ಕೆ ಹೋಗೋಣ. 1961ರಲ್ಲಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜಾವಾ 250 ತಯಾರಾಗಲು ಶುರುವಾಯಿತು. ಚೆಕೊಸ್ಲೊವಾಕಿಯಾದ ತಂತ್ರಜ್ಞಾನ, ಕೆಲಸದ ಕೈಗಳು ಮೈಸೂರಿನವು. 70ರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. 1978ರಲ್ಲಿ ಬಂದದ್ದು ರೋಡ್‌ಕಿಂಗ್. 250 ಸಿಸಿ, 16 ಕುದುರೆಶಕ್ತಿ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ಬಗ್ಗಿಸಿದರೆ ಗೇರು! ಆ ಕಾಲದ ಹುಡುಗರಿಗೆ ಅದೇ ಸ್ಪೋರ್ಟ್ಸ್ ಕಾರು, ಅದೇ ವಿಮಾನ.

350 ಬಂದದ್ದು 80ರ ದಶಕದ ಮಧ್ಯದಲ್ಲಿ. ಗಳಿಗೆ ಸರಿಯಿರಲಿಲ್ಲ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು, ಯಮಾಹಾ ಆರ್‌ಎಕ್ಸ್ 100 ಬಂತು. ಲೀಟರಿಗೆ ಎಷ್ಟು ಕೊಡುತ್ತೆ ಅಂತ ಊರೆಲ್ಲ ಕೇಳುವ ಕಾಲದಲ್ಲಿ ಎರಡು ಸಿಲಿಂಡರಿಗೆ ಪೆಟ್ರೋಲು ಕುಡಿಸುವವರು ಯಾರು? ಕೆಲವೇ ವರ್ಷದಲ್ಲಿ ನಿಂತುಹೋಯಿತು. ರೋಡ್‌ಕಿಂಗ್ ಮಾತ್ರ 1996ರಲ್ಲಿ ಕಾರ್ಖಾನೆ ಬಾಗಿಲು ಹಾಕುವ ಕಾಲದವರೆಗೂ ಬಾಳಿತು. ಅಂದರೆ 350 ಅಪರೂಪವಾದದ್ದು ಮೇಲು ಎಂಬ ಕಾರಣಕ್ಕಲ್ಲ, ಅವತ್ತು ಜನ ಕೊಳ್ಳಲಿಲ್ಲ ಎಂಬ ಕಾರಣಕ್ಕೆ. ಕೆಟ್ಟ ಬೈಕು ಅಂತ ನಾನು ಹೇಳುತ್ತಿಲ್ಲ. ಅದರ ಸದ್ದು ಕೇಳಿದವರು ಮರೆಯುವುದಿಲ್ಲ. ಆದರೆ ಅಪರೂಪ ಎಂಬ ಮಾತಿಗೇ ದುಡ್ಡು ಸುರಿಯುವ ಮೊದಲು ಇದನ್ನು ತಿಳಿದಿರಬೇಕು.

ಈಗ ನಮ್ಮ ಬೆಟ್ಟಕ್ಕೆ ಬನ್ನಿ. ಊಟಿಯಿಂದ ಮಸಿನಗುಡಿಗೆ ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವು. ಟೂ ಸ್ಟ್ರೋಕ್ ಯೆಜ್ಡಿಗೆ ಆಯಿಲ್ ಸಿಗುವುದು ಪೆಟ್ರೋಲಿನ ಜೊತೆಯಲ್ಲಿ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲು ಸಾಕಷ್ಟು ಹೋಗುವುದಿಲ್ಲ, ಆಯಿಲೂ ಸಾಕಷ್ಟು ಹೋಗುವುದಿಲ್ಲ. ನಡುನಡುವೆ ಒಮ್ಮೊಮ್ಮೆ ಆಕ್ಸಿಲರೇಟರ್ ಕೊಡುತ್ತಿರಬೇಕು. ಈ ಪಾಠ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನೌಕರಿಯ ಹೊಸದರಲ್ಲಿ ಕೊಂಡಿದ್ದ ಸೆಕೆಂಡ್ ಹ್ಯಾಂಡ್ ರೋಡ್‌ಕಿಂಗ್ ಕಲ್ಲಟ್ಟಿಯ ಅರ್ಧ ದಾರಿಯಲ್ಲಿ ಪಿಸ್ಟನ್ ಹಿಡಿದುಕೊಂಡು ನಿಂತುಬಿಟ್ಟಿತು. ಕತ್ತಲಾಗುತ್ತಿತ್ತು, ಕಾಡು ಬೇರೆ. ಹಾಲಿನ ವ್ಯಾನಿನವನೊಬ್ಬ ಹತ್ತಿಸಿಕೊಂಡು ಬಂದ.

ಆದರೆ ಕೇಳಿ, ಮಾರನೇ ದಿನ ಗೂಡಲೂರಿನ ಮೆಕ್ಯಾನಿಕ್ ಎಂಜಿನ್ ಬಿಚ್ಚಿದವನೇ ನಕ್ಕುಬಿಟ್ಟ. "ಇದೇನ್ ಸಾರ್, ದಿನಾ ಬರೋ ಕೇಸು" ಅಂದ. ಪಿಸ್ಟನ್, ರಿಂಗ್ ಅಂಗಡಿಯಲ್ಲೇ ಇದ್ದವು. ಸಿಲಿಂಡರ್ ಬೋರ್ ಮಾಡಿಸಿ ಮೂರನೇ ದಿನ ಅದೇ ಬೈಕಿನಲ್ಲಿ ಶಾಲೆಗೆ ಹೋದೆ. 350 ಆಗಿದ್ದರೆ? ಎರಡು ಪಿಸ್ಟನ್ನು, ಎರಡು ಜೊತೆ ರಿಂಗು. ಮೂಲ ಜಾವಾ 350ರ ಬಿಡಿಭಾಗಗಳು ಚೆಕ್ ದೇಶದಲ್ಲಿ ಸಿಗುತ್ತವೆ, ನಿಜ. ತರಿಸಿ, ಕಸ್ಟಮ್ಸ್ ಕಟ್ಟಿ, ಮೈಸೂರಿನಲ್ಲಿ ಮಾಡಿದ ಎಂಜಿನ್ನಿಗೆ ಅದು ಕೂರುತ್ತದೋ ಇಲ್ಲವೋ ನೋಡಿ, ಕೈಪಳಗಿದ ಮೆಕ್ಯಾನಿಕ್ಕನ್ನು ಹುಡುಕಿ... ಅಷ್ಟರಲ್ಲಿ ಟೂರಿಸ್ಟ್ ಸೀಸನ್ನೇ ಮುಗಿದಿರುತ್ತದೆ. ಬೈಕನ್ನು ಬದುಕಿಸುವುದು ಕಂಪನಿಯಲ್ಲ, ಅದರ ಪರಿಚಯವಿರುವ ನೂರು ಕೈಗಳು.

ಇನ್ನು ಕಾಗದಪತ್ರ. ಕರ್ನಾಟಕದ ಗಾಡಿಯನ್ನು ಇಲ್ಲಿಗೆ ತಂದು ಟಿಎನ್ 43 ನಂಬರು ಮಾಡಿಸಲು ಅಲ್ಲಿನ ಆರ್‌ಟಿಓದಿಂದ ಎನ್‌ಓಸಿ ಬೇಕು, ಇಲ್ಲಿ ಟ್ಯಾಕ್ಸ್ ಕಟ್ಟಬೇಕು. ಹುಡುಗ ತೋರಿಸಿದ 350ರ ಆರ್‌ಸಿಯಲ್ಲಿ 2006ರ ಮೇಲೆ ನವೀಕರಣವೇ ಇರಲಿಲ್ಲ! ಆರ್‌ಸಿಯಲ್ಲಿರುವ ಎಂಜಿನ್ ನಂಬರು, ಚಾಸಿಸ್ ನಂಬರು ಎರಡನ್ನೂ ಬೈಕಿನ ಮೇಲೆ ಒರೆಸಿ ನೋಡಿದ್ದೀಯಾ ಅಂದೆ. ಇಲ್ಲ ಅಂದ. "ವಿಂಟೇಜ್ ಅಂತ ಮಾಡಿಸ್ಬಹುದಂತಲ್ಲ ಮೇಷ್ಟ್ರೇ" ಅಂದ. 2021ರ ಕೇಂದ್ರದ ನಿಯಮದ ಪ್ರಕಾರ ಅದಕ್ಕೆ ಗಾಡಿಗೆ 50 ವರ್ಷ ತುಂಬಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಹಾಗೆ ಮಾಡಿಸಿದ ಗಾಡಿಯನ್ನು ದಿನನಿತ್ಯ ಓಡಿಸುವ ಹಾಗೂ ಇಲ್ಲ. 350ಕ್ಕೆ 50 ತುಂಬಲು ಇನ್ನೂ ಎಷ್ಟೋ ವರ್ಷ ಬೇಕು.

ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲು. ಎಥೆನಾಲ್ ನೀರು ಹೀರುತ್ತದೆ. ನಮ್ಮ ಮಳೆ, ಮಂಜಿನಲ್ಲಿ ತಿಂಗಳುಗಟ್ಟಲೆ ನಿಂತ ಬೈಕಿನ ಟ್ಯಾಂಕ್ ಒಳಗೆ ತುಕ್ಕು ಹಿಡಿಯುತ್ತದೆ, ಹಳೇ ರಬ್ಬರು ಪೈಪು ಹಾಳಾಗುತ್ತದೆ. ಬಿಡಿಭಾಗ ಸಿಗದೆ ನಿಂತ ಬೈಕು ನಿಂತಷ್ಟೂ ಕೆಡುತ್ತದೆ.

"ಹಾಗಾದ್ರೆ ಅಪರೂಪದ್ದನ್ನ ಯಾರೂ ಉಳಿಸ್ಬಾರ್ದಾ?" ಅಂತ ಹುಡುಗ ಸ್ವಲ್ಪ ಸಿಟ್ಟಿನಲ್ಲೇ ಕೇಳಿದ. ಒಳ್ಳೆಯ ಪ್ರಶ್ನೆ. ಎಲ್ಲರೂ ನನ್ನ ಹಾಗೇ ಲೆಕ್ಕ ಹಾಕಿದರೆ ಉಳಿದಿರುವ 350ಗಳೂ ಗುಜರಿಗೆ ಹೋಗುತ್ತವೆ. ಮೈಸೂರಿನ ಕೈಗಳು ಮಾಡಿದ ಬೈಕು ಹಾಗೆ ಹೋಗಬಾರದು. ಆದರೆ ಉಳಿಸುವವನಿಗೆ ಓಡಾಡಲು ಇನ್ನೊಂದು ಬೈಕಿರಬೇಕು, ಮಳೆ ಬೀಳದ ಸೂರಿರಬೇಕು, ಒಂದು ರಿಂಗಿಗಾಗಿ ಆರು ತಿಂಗಳು ಕಾಯುವ ತಾಳ್ಮೆ ಇರಬೇಕು. ತೆಪ್ಪಕಾಡಿನಲ್ಲಿ ಆನೆ ಸಾಕುತ್ತಾರಲ್ಲ, ಅಲ್ಲಿ ಮಾವುತರಿದ್ದಾರೆ, ಡಾಕ್ಟರಿದ್ದಾರೆ. ನೀನೂ ನಾನೂ ಮನೆ ಮುಂದೆ ಆನೆ ಕಟ್ಟಿಕೊಂಡರೆ ಆನೆಗೂ ಕಷ್ಟ, ನಮಗೂ ಕಷ್ಟ.

ಮೇಷ್ಟ್ರ ಬುದ್ಧಿ ನೋಡಿ, ಎಲ್ಲಿಗೆ ಹೋದರೂ ಕ್ಲಾಸ್‌ರೂಮೇ ನೆನಪಾಗುತ್ತದೆ. ರ‍್ಯಾಂಕ್ ಬಂದ ಹುಡುಗನ ಫೋಟೋ ನಾವು ಗೋಡೆಗೆ ಹಾಕುತ್ತೇವೆ. ಶಾಲೆ ನಡೆಯುವುದು ಮಾತ್ರ ದಿನಾ ಬಂದು ಕೂರುವ ಉಳಿದ ಮಕ್ಕಳಿಂದ. ರೋಡ್‌ಕಿಂಗ್ ಅಂಥದ್ದು. ಎಲ್ಲರ ಹತ್ತಿರ ಇದೆ ಅನ್ನುವುದು ಅದರ ಕೊರತೆಯಲ್ಲ, ಅದೇ ಅದರ ಆಯುಸ್ಸು.

ಹುಡುಗ ಏನೂ ಹೇಳಲಿಲ್ಲ. ಹೋಗುವಾಗ ಗೇಟಿನ ಹತ್ತಿರ ನಿಂತು, "ಗುಂಡ್ಲುಪೇಟೆಗೆ ಹೋಗಿ ನಂಬರ್ ಒರೆಸಿ ನೋಡ್ಕೊಂಡು ಬರ್ತೀನಿ, ನೀವೂ ಬನ್ನಿ ಮೇಷ್ಟ್ರೇ" ಅಂದ. ಹೋಗಬೇಕು. ಕಿಕ್ ಹೊಡೆದು ಎಷ್ಟೋ ವರ್ಷವಾಯಿತು, ಕಾಲಿಗೆ ನೆನಪಿದೆಯೋ ಇಲ್ಲವೋ.