ಹೋಟೆಲಲ್ಲಿ ಭಟ್ಟರು, ಮನೇಲಿ ಅಕ್ಕ



ಕಳೆದ ಸಂಚಿಕೆಯಲ್ಲಿ ನಮ್ಮ ತರಗತಿಯ ಗೆಳೆಯನೊಬ್ಬ ಮಸಾಲೆದೋಸೆ ಮೇಲೆ ಪದ್ಯ ಬರೆದಿದ್ದ. ಎಲ್ಲರೂ ಓದಿ ನಕ್ಕೆವು. ನಾನೂ ಊಟದ ವಿಷಯವನ್ನೇ ಬರೆಯುತ್ತಿದ್ದೇನೆ. ಆದರೆ ಇದು ಪದ್ಯವಲ್ಲ, ಸ್ವಲ್ಪ ಜಗಳದ ಲೇಖನ. ತಪ್ಪಿದ್ದರೆ ಕ್ಷಮಿಸಿ.

ನಾವು ತಾಲ್ಲೂಕು ಮಟ್ಟದ ಖೋಖೋ ಪಂದ್ಯಕ್ಕೆ ಹೋಗಿದ್ದು ನಿಮಗೆಲ್ಲ ಗೊತ್ತು. ಸೋತಿದ್ದೂ ಗೊತ್ತು, ಆ ಮಾತು ಈಗ ಬೇಡ. ಸೋತ ಬೇಜಾರು ಹೋಗಲಿ ಅಂತ ಪಿ.ಟಿ. ಮಾಸ್ಟರು ನಮ್ಮನ್ನು ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿಗೆ ಕರೆದುಕೊಂಡು ಹೋಗಿ ದೋಸೆ ಕೊಡಿಸಿದರು. ಕೈ ತೊಳೆಯೋ ಜಾಗದಿಂದ ಒಳಗಡೆ ಅಡುಗೆಮನೆ ಕಾಣುತ್ತಿತ್ತು. ಬಾಗಿಲಷ್ಟು ಅಗಲದ ಕಾವಲಿ. ಒಬ್ಬ ಅಣ್ಣ ಅದರ ಮೇಲೆ ನೀರು ಚಿಮುಕಿಸಿ, ಪೊರಕೆಯಲ್ಲಿ ಸರಕ್ಕನೆ ಗುಡಿಸಿ, ಒಂದೇ ಸಲಕ್ಕೆ 12 ದೋಸೆ ಹುಯ್ದ. ನಾನು ಎಣಿಸಿದೆ. ಇನ್ನೊಬ್ಬ ಪಲ್ಯ ಇಡುತ್ತಿದ್ದ, ಮತ್ತೊಬ್ಬ ಚಟ್ನಿ ರುಬ್ಬುತ್ತಿದ್ದ. ಎಲ್ಲರೂ ಗಂಡಸರೇ! ಅವತ್ತು ಅದರಲ್ಲಿ ವಿಶೇಷ ಏನೂ ಕಾಣಲಿಲ್ಲ. ದೋಸೆ ಮಾತ್ರ ಕಂಡಿತು.

ರಾತ್ರಿ ಮನೆಗೆ ಬಂದರೆ ತಟ್ಟೆಯಲ್ಲಿ ಮುದ್ದೆ, ಉಪ್ಪೆಸರು. ನಾನು ಮೂತಿ ಸೊಟ್ಟ ಮಾಡಿ "ದಿನಾ ಇದೇನಾ" ಅಂದೆ. ಅಮ್ಮ ಏನೂ ಅನ್ನಲಿಲ್ಲ. ಅಕ್ಕ ಮಾತ್ರ "ನಾಳೆಯಿಂದ ನೀನೇ ಬೇಯಿಸ್ಕೋ" ಅಂದಳು. ಅವಳು ಇದೇ ಶಾಲೆಯಲ್ಲಿ ಹತ್ತನೇ ತರಗತಿಯಲ್ಲಿ ಓದುತ್ತಾಳೆ. ಈ ಲೇಖನ ಬರೆಯಲು ಅವಳನ್ನು ಕೇಳಿ ಒಪ್ಪಿಗೆ ಪಡೆದಿದ್ದೇನೆ, ಯಾರೂ ಅವಳನ್ನು ಹೋಗಿ ಕೆಣಕಬೇಡಿ.

ಆಮೇಲೆ ಸ್ವಲ್ಪ ದಿನಕ್ಕೆ ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದರು. ನೋಡಿಕೊಳ್ಳಲು ಅಮ್ಮ ಹೋದರು. 15 ದಿನ ಮನೆ ಅಡುಗೆಯೆಲ್ಲ ಅಕ್ಕನ ಪಾಲಿಗೆ ಬಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ಒಲೆ ಬೂದಿ ತೆಗೆಯೋದು, ನೀರು ತರೋದು, ಕಾಳು ಬೇಯಿಸೋದು, ಖಾರ ರುಬ್ಬೋದು, ಮುದ್ದೆ ತೊಳಸೋದು, ಅಪ್ಪನಿಗೆ ಹೊಲಕ್ಕೆ ಬುತ್ತಿ ಕಟ್ಟೋದು, ಪಾತ್ರೆ ತೊಳೆಯೋದು. ಇಷ್ಟೂ ಮುಗಿಸಿ ಜಡೆ ಹಾಕಿಕೊಂಡು ಓಡಿ ಬರುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ತಡವಾಗಿ ಬಂದವರು ಹೊರಗೆ ನಿಲ್ಲಬೇಕೆಂಬ ನಿಯಮ ಇದೆಯಲ್ಲ. ಒಂದು ವಾರದಲ್ಲಿ ಮೂರು ದಿನ ಅಕ್ಕ ನಿಂತಳು.

ಮೂರನೇ ದಿನ ನಮ್ಮ ತರಗತಿಯ ಕಿಟಕಿಯಿಂದ ಅವಳು ಕಾಣುತ್ತಿದ್ದಳು. ನಾನು ಒಳಗೆ ಬೆಂಚಿನ ಮೇಲೆ ಕೂತಿದ್ದೆ. ನಾನು ಸರಿಯಾದ ಸಮಯಕ್ಕೆ ಬಂದಿದ್ದು ಅವಳು ತೊಳಸಿದ ಮುದ್ದೆ ತಿಂದು. ತಿಂದವನು ಒಳಗೆ, ಮಾಡಿದವಳು ಹೊರಗೆ. ಆಗ ಆ ಹೋಟೆಲ್ ಅಡುಗೆಮನೆ ಜ್ಞಾಪಕಕ್ಕೆ ಬಂತು.

ಮಿತ್ರರೇ, ನೀವೇ ನೋಡಿ. ಮದುವೆ ಅಡುಗೆಗೆ ಭಟ್ಟರು ಗಂಡಸರು. ಬೆಂಗಳೂರಿನಲ್ಲಿ 1924ರಲ್ಲಿ ಶುರುವಾಗಿ ಮುಂದೆ ಎಂ.ಟಿ.ಆರ್. ಎಂದು ಹೆಸರಾದ ಹೋಟೆಲನ್ನು ಕಟ್ಟಿದವರು ಉಡುಪಿ ಕಡೆಯಿಂದ ಬಂದ ಮಯ್ಯ ಸಹೋದರರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ದು, ಇವತ್ತಿನ ರವೆ ಇಡ್ಲಿ ಹಾಗೆ ಹುಟ್ಟಿದ್ದು ಎಂದು ಆ ಹೋಟೆಲಿನವರೇ ಹೇಳುತ್ತಾರೆ. ಇನ್ನೂ ಹಿಂದಕ್ಕೆ ಹೋದರೆ, ರುಚಿಯಾದ ಅಡುಗೆಗೆ ನಾವು ಹೇಳುವ ಮಾತೇ ನಳಪಾಕ, ಭೀಮಪಾಕ. ಭೀಮನು ಅಜ್ಞಾತವಾಸದಲ್ಲಿ ವಲಲನೆಂಬ ಹೆಸರಿನಲ್ಲಿ ವಿರಾಟರಾಯನ ಅಡುಗೆಮನೆಯಲ್ಲಿದ್ದ. ಬಾಹುಕನ ವೇಷದಲ್ಲಿದ್ದ ನಳನನ್ನು ದಮಯಂತಿ ಗುರುತು ಹಿಡಿಯುವಾಗ ಅವನ ಕೈ ರುಚಿಯೂ ಒಂದು ಸಾಕ್ಷಿಯಾಯಿತು. ಕೀಚಕನನ್ನು ಕೊಂದವನೇ ಸೌಟು ಹಿಡಿದಿದ್ದ ಮೇಲೆ ನಮಗೇನು ಬಂದಿದೆ ದೊಡ್ಡ ರೋಗ?

ಹಾಗಾದರೆ ಗಂಡಸರಿಗೆ ಅಡುಗೆ ಬರುವುದಿಲ್ಲ ಎಂಬುದು ಸುಳ್ಳು. ಸಂಬಳ ಕೊಟ್ಟರೆ ಬರುತ್ತದೆ, ಹೊಗಳಿದರೆ ಬರುತ್ತದೆ. ಮನೆಯಲ್ಲಿ ಎರಡೂ ಇಲ್ಲವಲ್ಲ, ಅದಕ್ಕೇ ಅಲ್ಲಿ ಬರುವುದಿಲ್ಲ! ನಮ್ಮ ಶಾಲೆಯನ್ನೇ ನೋಡಿ. ರಾಜ್ಯದಲ್ಲಿ 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟ ಇವತ್ತೂ ನಾವು ಉಣ್ಣುತ್ತಿದ್ದೇವೆ. ಬೇಯಿಸುವವರು ನಮ್ಮೂರಿನ ಅಮ್ಮಂದಿರೇ. ಅವರಿಗೆ ಸಿಗುವುದು ಸಂಬಳ ಅಲ್ಲ, ಗೌರವಧನ. ಮನೆಯಲ್ಲಿ ಬೇಯಿಸಿ ಬಂದು ಇಲ್ಲಿ ಬೇಯಿಸುತ್ತಾರೆ.

ಅವತ್ತು ಸಂಜೆ ಅಕ್ಕನಿಗೆ "ಮುದ್ದೆ ನಾನು ಮಾಡ್ತೀನಿ" ಅಂದೆ. ಅವಳು ನಕ್ಕಳು. ನಮ್ಮ ದೊಡ್ಡಜ್ಜಿ ಜಗಲಿಯಿಂದಲೇ "ಗಂಡ್ ಹೈಕ್ಳು ಒಲೆ ಮುಂದೆ ಕೂತ್ರೆ ಮೀಸೆ ಬರಾಕಿಲ್ಲ" ಅಂದರು. ಹೋಟೆಲಿನ ಅಣ್ಣನಿಗೆ ದಪ್ಪ ಮೀಸೆ ಇತ್ತು ಅಂದೆ. ಅದಕ್ಕೆ ಉತ್ತರ ಬರಲಿಲ್ಲ.

ಮುದ್ದೆ ಮಾಡುವುದು ನೋಡಲು ಸುಲಭ. ಎಸರು ಕುದಿಯುವಾಗ ಹಿಟ್ಟು ಸುರಿದು ಕೂಡಲೇ ತಿರುವಿದೆ. ಅದೇ ತಪ್ಪು. ಹಿಟ್ಟನ್ನು ಗುಡ್ಡೆಯಾಗಿ ನಡುವೆ ಹಾಕಿ, ಕೋಲಿನಲ್ಲಿ ತೂತು ಮಾಡಿ, ಉರಿ ಸಣ್ಣ ಮಾಡಿ ಸುಮ್ಮನೆ ಬಿಡಬೇಕು. ಎಸರು ಕೆಳಗಿಂದ ಉಕ್ಕಿ ಹಿಟ್ಟನ್ನು ಬೇಯಿಸಬೇಕು. ಆಮೇಲೆ ಪಾತ್ರೆ ಅಲುಗದ ಹಾಗೆ ಅಮುಕಿ ಹಿಡಿದುಕೊಂಡು ಬಲ ಬಿಟ್ಟು ತೊಳಸಬೇಕು. ನಾನು ಖೋಖೋ ಆಡುವವನು, ಆದರೂ ರಟ್ಟೆ ನೋವು ಬಂತು. ಅಕ್ಕ ನನ್ನ ಅರ್ಧ ತೂಕ ಇದ್ದಾಳೆ, ದಿನಾ ತೊಳಸುತ್ತಾಳೆ. ನನ್ನ ಮೊದಲ ಮುದ್ದೆಯನ್ನು ಅಪ್ಪ ಮುರಿದಾಗ ಒಳಗೆ ಗೋಲಿಯಷ್ಟು ಗಾತ್ರದ ಗಂಟು, ಗಂಟು ಒಡೆದರೆ ಹಸಿ ಹಿಟ್ಟು. ಅಪ್ಪ ಮಾತಾಡದೆ ಉಂಡರು. ಹಸುವಿಗೂ ಒಂದು ಪಾಲು ಹೋಯಿತು.

ಇನ್ನೊಂದು ಮಾತು, ನಾನು ಹೆಸರಿಟ್ಟ ಆ ಮುದ್ದೆಯ ಬಗ್ಗೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದಂಶ ಇರುತ್ತದಂತೆ, ಅಕ್ಕಿಯಲ್ಲಿ 10ರ ಆಸುಪಾಸು ಮಾತ್ರ. ವಿಜ್ಞಾನದ ಮೇಷ್ಟ್ರು ಇದನ್ನು ಹೇಳಿದಾಗ ನಾನು ಪರೀಕ್ಷೆಗೆ ಅಂತ ಬರೆದುಕೊಂಡಿದ್ದೆ, ತಟ್ಟೆ ಮುಂದೆ ಕೂತಾಗ ನೆನಪಾಗಲಿಲ್ಲ. ದೋಸೆ ನನಗೆ ಈಗಲೂ ಇಷ್ಟವೇ. ಇನ್ನೊಂದು ಪಂದ್ಯ ಸೋತರೂ ಪರವಾಗಿಲ್ಲ ಅನ್ನುವಷ್ಟು ಇಷ್ಟ.

ಕೆಲವು ಗೆಳೆಯರು ನನ್ನ ಹತ್ತಿರ ವಾದ ಮಾಡಿದರು. "ನಾವು ಹೊಲದಲ್ಲಿ ದುಡಿಯಲ್ವಾ, ಮೇವು ತರಲ್ವಾ" ಅಂತ. ದುಡಿಯುತ್ತೇವೆ, ಇಲ್ಲ ಅನ್ನುವುದಿಲ್ಲ. ಆದರೆ ನಾಟಿ, ಕುಯ್ಲು ವರ್ಷಕ್ಕೆ ಕೆಲವು ವಾರ. ಒಲೆ ದಿನಾ ಹಚ್ಚಬೇಕು. ಹೊಲಕ್ಕೆ ಅಕ್ಕಂದಿರೂ ಬರುತ್ತಾರೆ, ಕಳೆ ಕೀಳುವವರು ಯಾರು ಅಂತ ನೀವೇ ಹೇಳಿ. "ಹುಡುಗರು ಅಡುಗೆಮನೆಗೆ ಬಂದರೆ ಕೆಲಸ ಎರಡರಷ್ಟು ಆಗುತ್ತೆ" ಎಂದು ಒಬ್ಬಳು ಹೇಳಿದಳು. ಅದು ಮಾತ್ರ ನಿಜ. ಮೊದಲ ವಾರ ನಾನು ಸೀದಿಸಿದ ಪಾತ್ರೆ ಉಜ್ಜಿದ್ದೂ ಅಕ್ಕನೇ. ಅದಕ್ಕೆ ನನ್ನ ಅಭಿಪ್ರಾಯ ಏನೆಂದರೆ, ಅಡುಗೆ ಕಲಿಯುವವನು ಮೊದಲು ಪಾತ್ರೆ ಉಜ್ಜುವುದರಿಂದ ಶುರು ಮಾಡಬೇಕು.

ಗುರುಗಳಲ್ಲಿ ಒಂದು ವಿನಂತಿ. ನಿಯಮ ಬೇಡ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳುವಷ್ಟು ದೊಡ್ಡವನೂ ಅಲ್ಲ. ಹುಡುಗಿಯರು ತಡವಾಗಿ ಬಂದಾಗ ಹೊರಗೆ ನಿಲ್ಲಿಸುವ ಮೊದಲು "ಬೆಳಿಗ್ಗೆ ಎಷ್ಟು ಗಂಟೆಗೆ ಎದ್ದೆ, ಏನೇನು ಮಾಡಿ ಬಂದೆ" ಎಂದು ಒಂದು ಸಲ ಕೇಳಿ. ಆಮೇಲೆ ಅದೇ ಮನೆಯಿಂದ ಬಂದ ಅವಳ ತಮ್ಮನನ್ನೋ ಅಣ್ಣನನ್ನೋ ಎಬ್ಬಿಸಿ ಅದೇ ಪ್ರಶ್ನೆ ಕೇಳಿ. ನಿಲ್ಲಿಸುವುದಾದರೆ ಇಬ್ಬರನ್ನೂ ನಿಲ್ಲಿಸಿ. ಇದನ್ನು ಓದಿದ ಮೇಲೆ ನನ್ನ ಮೇಲೆ ಸಿಟ್ಟಾಗುವ ಗೆಳೆಯರು ಬಹಳ ಇರುತ್ತಾರೆ ಅಂತ ಗೊತ್ತು.

ಈಗ ಅಮ್ಮ ಊರಿಂದ ಬಂದಿದ್ದಾರೆ, ಅಜ್ಜಿಯೂ ಗುಣವಾಗಿದ್ದಾರೆ. ಆದರೂ ಬೆಳಗಿನ ಮುದ್ದೆ ನನ್ನದೇ. ಸಾರಿನ ಹತ್ತಿರಕ್ಕೆ ಮಾತ್ರ ನನ್ನನ್ನು ಇನ್ನೂ ಬಿಡುತ್ತಿಲ್ಲ, ಉಪ್ಪು ಜಾಸ್ತಿ ಹಾಕುತ್ತೇನಂತೆ. ಕಳೆದ ಸೋಮವಾರ ಪ್ರಾರ್ಥನೆಯಲ್ಲಿ ಅಕ್ಕ ತನ್ನ ಸಾಲಿನಲ್ಲಿ ನಿಂತಿದ್ದಳು. ನಾನು ಐದು ನಿಮಿಷ ತಡವಾಗಿ ಬಂದೆ. ಕೈಬೆರಳಲ್ಲಿ ಹಿಟ್ಟು ಒಣಗಿತ್ತು. ಮಾಸ್ಟರು ನೋಡಿ ಏನೂ ಕೇಳದೆ ಒಳಗೆ ಬಿಟ್ಟರು.

ಇಂತಿ,
ಒಂಬತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ