‘ಮುಸ್ತಫಾ ಸೆಟಪ್ ಇದ್ರೆ ಕಳ್ಸು ಗುರು’ ಅನ್ನೋರಿಗೆ

1/8
ಹೋದ ವಾರ ಹಳೇ ಆರ್ಕೇಡ್ ಗೇಮ್ ಒಂದರ ಫೋಟೊ ಸ್ಟೋರಿ ಹಾಕಿದ್ದೆ. ಬಂದ ರಿಪ್ಲೈಗಳಲ್ಲಿ ಮುಕ್ಕಾಲು ಪಾಲು ಒಂದೇ: “ಮುಸ್ತಫಾ ಸೆಟಪ್ ಇದ್ರೆ ಕಳ್ಸು ಗುರು.” ಕಂಪ್ಯೂಟರ್ ಸೈನ್ಸ್ ಓದ್ತಿರೋ ನಮ್ಮಲ್ಲಿ ಒಬ್ಬರಾದ್ರೂ “ಅದು ಹೇಗೆ ಓಡುತ್ತೆ?” ಅಂತ ಕೇಳಲಿಲ್ಲ.

ಕಳ್ಸಲ್ಲ. ಯಾಕೆ ಅಂತ ಎಂಟು ಪೋಸ್ಟ್‌ಗಳಲ್ಲಿ ಹೇಳ್ತೀನಿ. ಬೈಯೋರು ಪೂರ್ತಿ ಓದಿ ಆಮೇಲೆ ಬೈಯಿರಿ.

ನಮ್ಮ ಕ್ಲಾಸ್‌ನ ಒಬ್ಬನಿಗೆ ಗ್ರೂಪ್‌ನಲ್ಲಿ ಒಂದು ಲಿಂಕ್ ಬಂತು. ಒಂದೇ ಕ್ಲಿಕ್, ಸಾವಿರ ಗೇಮ್. ಆಂಟಿವೈರಸ್ ಅಡ್ಡ ಬಂತು. “ಇನ್‌ಸ್ಟಾಲ್ ಮಾಡೋವಾಗ ಆಂಟಿವೈರಸ್ ಆಫ್ ಮಾಡಿ” ಅಂತ ಅದರಲ್ಲೇ ಬರೆದಿತ್ತು. ಇವನು ಆಫ್ ಮಾಡಿದ. ಗೇಮ್ ಓಪನ್ ಆಯ್ತು, ಎರಡು ಗಂಟೆ ಖುಷಿಯಾಗಿ ಆಡಿದ. ಮೂರು ದಿನ ಆದ್ಮೇಲೆ ಲ್ಯಾಪ್‌ಟಾಪ್‌ನ ಒಂದು ಫೈಲೂ ಓಪನ್ ಆಗಲಿಲ್ಲ. ದುಡ್ಡು ಕೊಟ್ರೆ ಬಿಡ್ತೀವಿ ಅನ್ನೋ ನೋಟ್ ಮಾತ್ರ ಇತ್ತು. ಮಿನಿ ಪ್ರಾಜೆಕ್ಟ್ ರಿಪೋರ್ಟ್ ಹೋಯ್ತು, ಅದನ್ನ ಮತ್ತೆ ಬರೀಬಹುದು. ಅವರಕ್ಕನ ಮದುವೆ ಫೋಟೊಗಳೂ ಹೋದ್ವು. ಅವನ್ನ ಯಾರು ಮತ್ತೆ ತೆಗೀತಾರೆ?

2/8
ಮೊದಲು ಹೆಸರು ಸರಿ ಮಾಡ್ಕೊಳ್ಳೋಣ. ‘ಮುಸ್ತಫಾ’ ಅನ್ನೋ ಗೇಮೇ ಇಲ್ಲ.

ಅದು ‘ಕ್ಯಾಡಿಲಾಕ್ಸ್ ಅಂಡ್ ಡೈನೊಸಾರ್ಸ್’. ಜಪಾನಿನ ಕ್ಯಾಪ್ಕಾಮ್ ಕಂಪನಿ 1993ರಲ್ಲಿ ಬಿಟ್ಟ ಆರ್ಕೇಡ್ ಗೇಮ್. ಮಾರ್ಕ್ ಶುಲ್ಟ್ಜ್ ಬರೆದು ಚಿತ್ರಿಸಿದ ‘ಜೀನೊಜೋಯಿಕ್ ಟೇಲ್ಸ್’ ಅನ್ನೋ ಅಮೆರಿಕನ್ ಕಾಮಿಕ್ ಅದಕ್ಕೆ ಮೂಲ. ಆಡೋಕೆ ನಾಲ್ಕು ಪಾತ್ರ: ಜ್ಯಾಕ್, ಹ್ಯಾನಾ, ಮುಸ್ತಫಾ, ಮೆಸ್. ಹಳದಿ ಟೋಪಿಯ ಮುಸ್ತಫಾ ಸ್ಪೀಡು. ನಮ್ಮ ಕಡೆಯ ವಿಡಿಯೋ ಗೇಮ್ ಅಂಗಡಿಗಳಲ್ಲಿ, ಆಮೇಲೆ ಸೈಬರ್ ಸೆಂಟರ್‌ಗಳಲ್ಲಿ ಹುಡುಗರು ಅವನನ್ನೇ ಆರಿಸ್ಕೊಂಡು ಆಡ್ತಿದ್ರು. ಕೊನೆಗೆ ಗೇಮ್‌ಗೇ ಅವನ ಹೆಸರು ನಿಂತುಬಿಡ್ತು.

ಒಂದು ರೂಪಾಯಿ ಕಾಯಿನ್ ಹಿಡ್ಕೊಂಡು ಸಾಲಲ್ಲಿ ನಿಂತ ಕಥೆ ನಮ್ಮ ಮಾವ ಈಗ್ಲೂ ಹೇಳ್ತಾರೆ. ಆ ಅಂಗಡಿಗಳು ಹೋದ್ವು. ನಮಗೆ ಸಿಕ್ಕಿದ್ದು ಪೆನ್‌ಡ್ರೈವ್ ಕಾಪಿ. ಆ ಕಾಪಿಯಲ್ಲಿ ಗೇಮ್ ಮಾಡಿದೋರ ಹೆಸರಿಲ್ಲ, ಎಮ್ಯುಲೇಟರ್ ಬರೆದೋರ ಹೆಸರಿಲ್ಲ, ಯಾವ ಆವೃತ್ತಿ ಅಂತಿಲ್ಲ. ಇರೋದು ಕಳ್ಸಿದೋನ ಯೂಟ್ಯೂಬ್ ಚಾನೆಲ್ ಹೆಸರು ಮಾತ್ರ. ಇದಕ್ಕೇ ನನಗೆ ಉರಿಯೋದು.

3/8
ಈಗ ಎಲ್ಲರೂ ಕಲಸಿಬಿಟ್ಟಿರೋ ವಿಷಯ. ಒಲೆ ಬೇರೆ, ಅಕ್ಕಿ ಬೇರೆ.

ಎಮ್ಯುಲೇಟರ್ ಅಂದ್ರೆ ಒಲೆ. ಹಳೇ ಆರ್ಕೇಡ್ ಬೋರ್ಡ್‌ನ ಪ್ರೊಸೆಸರ್, ಸೌಂಡ್ ಚಿಪ್, ವಿಡಿಯೋ ಸರ್ಕ್ಯೂಟ್ ಎಲ್ಲ ಹೇಗೆ ನಡ್ಕೊಳ್ತಿದ್ವೋ ಹಾಗೇ ನಡ್ಕೊಳ್ಳೋ ಸಾಫ್ಟ್‌ವೇರ್. ರಾಮ್ ಅಂದ್ರೆ ಅಕ್ಕಿ. ಬೋರ್ಡ್‌ನ ಚಿಪ್‌ಗಳಲ್ಲಿದ್ದ ಪ್ರೋಗ್ರಾಮ್, ಚಿತ್ರ, ಶಬ್ದಗಳನ್ನ ಓದಿ ತೆಗೆದ ಫೈಲು. (ಲ್ಯಾಪ್‌ಟಾಪ್‌ನ ಮೆಮೊರಿ ರ‍್ಯಾಮ್ ಬೇರೆ, ಇದು ಬೇರೆ. ವೈವಾದಲ್ಲಿ ಕೇಳ್ತಾರೆ, ನೆನಪಿಟ್ಕೊಳ್ಳಿ.)

ಆರ್ಕೇಡ್‌ಗೆ ಎಲ್ಲಕ್ಕಿಂತ ದೊಡ್ಡ ಎಮ್ಯುಲೇಟರ್ ಮೇಮ್. ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರ ಫೆಬ್ರವರಿಯಲ್ಲಿ ಅದರ ಮೊದಲ ಆವೃತ್ತಿ ಬಿಟ್ಟರು. ಆಮೇಲೆ ಜಗತ್ತಿನ ನಾನಾ ಕಡೆಯ ಪ್ರೋಗ್ರಾಮರ್‌ಗಳು ಕೈ ಸೇರಿಸಿದ್ರು. 2016ರಿಂದ ಪೂರ್ತಿ ಓಪನ್ ಸೋರ್ಸ್. ಹಳೇ ಯಂತ್ರಗಳು ಹೇಗೆ ಕೆಲಸ ಮಾಡ್ತಿದ್ವು ಅಂತ ದಾಖಲಿಸೋದೇ ಅದರ ಮುಖ್ಯ ಉದ್ದೇಶ. ನಾವು ಆಡೋಕಾಗೋದು ಅದರ ಜೊತೆಗೆ ಸಿಕ್ಕ ಲಾಭ.

ಇಪ್ಪತ್ತೈದಕ್ಕೂ ಹೆಚ್ಚು ವರ್ಷದ ಈ ಶ್ರಮವನ್ನ ಯಾರೋ ಒಬ್ಬ ಝಿಪ್ ಮಾಡಿ “ನನ್ನ ಗೇಮ್ ಪ್ಯಾಕ್” ಅಂತ ಮಾರ್ತಾನೆ. 2016ರ ತನಕ ಮೇಮ್‌ನ ಲೈಸೆನ್ಸೇ ಮಾರಾಟ ಬೇಡ ಅಂತಿತ್ತು. ಅದನ್ನೂ ಓದದೆ ಮಾರಿದ್ರು, ನಾವು ಕೊಂಡ್ವಿ.

4/8
“ಸರಿ ಗುರು, ಹಾಗಾದ್ರೆ ಶುರು ಮಾಡೋದು ಹೇಗೆ?” ಈ ಪ್ರಶ್ನೆ ಕೇಳಿ, ರಾತ್ರಿಯೆಲ್ಲ ಕೂತು ಹೇಳ್ತೀನಿ. ಇದನ್ನ ಸೇವ್ ಮಾಡ್ಕೊಳ್ಳಿ.

➡️ ಮೇಮ್ ತಂಡದ ಅಧಿಕೃತ ಸೈಟ್‌ನಿಂದಲೇ ಡೌನ್‌ಲೋಡ್ ಮಾಡಿ. ವಿಂಡೋಸ್‌ಗೆ ಸಿಗೋದು ತಾನೇ ಬಿಚ್ಚಿಕೊಳ್ಳೋ ಫೈಲ್. ಒಂದು ಫೋಲ್ಡರ್‌ಗೆ ಬಿಚ್ಚಿ, ಅಷ್ಟೇ. ಆಂಟಿವೈರಸ್ ಆಫ್ ಮಾಡು ಅಂತ ಅದು ಕೇಳಲ್ಲ. ಉಬುಂಟು ಇದ್ರೆ ಅದರ ರೆಪೊಸಿಟರಿಯಲ್ಲೇ ಇದೆ.

➡️ ಅದೇ ಸೈಟ್‌ನಲ್ಲಿ ಹಕ್ಕುದಾರರೇ ಒಪ್ಪಿ ಉಚಿತವಾಗಿ ಬಿಟ್ಟಿರೋ ಕೆಲವು ಗೇಮ್ ಇವೆ, ವ್ಯಾಪಾರಕ್ಕಲ್ಲ, ಆಡೋಕೆ. ‘ರಾಬಿ ರೋಟೊ’, ‘ಗ್ರಿಡ್ಲೀ’, ‘ಟಾರ್ಗ್’, ‘ಸ್ಟಾರ್ ಫೈರ್’. ಮೊದಲು ಇವುಗಳಲ್ಲಿ ಒಂದು ಇಳಿಸಿ.

➡️ ಆ ಝಿಪ್ ಬಿಚ್ಚಬೇಡಿ. ಹಾಗೇ ಮೇಮ್ ಒಳಗಿನ ‘ರಾಮ್ಸ್’ ಫೋಲ್ಡರ್‌ಗೆ ಹಾಕಿ. ಹೆಸರೂ ಬದಲಾಯಿಸಬೇಡಿ.

➡️ ಮೇಮ್ ಓಪನ್ ಮಾಡಿ, ಪಟ್ಟಿಯಿಂದ ಗೇಮ್ ಆರಿಸಿ. ಕೀಬೋರ್ಡ್‌ನ ಮೇಲಿನ ಸಾಲಿನ 5 ಒತ್ತಿದ್ರೆ ಕಾಯಿನ್ ಬಿದ್ದಂಗೆ, 1 ಒತ್ತಿದ್ರೆ ಸ್ಟಾರ್ಟ್. ಆ್ಯರೋ ಕೀಗಳೇ ಜಾಯ್‌ಸ್ಟಿಕ್. ಎಡಗಡೆ ಕಂಟ್ರೋಲ್, ಆಲ್ಟ್, ಸ್ಪೇಸ್ ಕ್ರಮವಾಗಿ ಬಟನ್ ಒಂದು, ಎರಡು, ಮೂರು. ಟ್ಯಾಬ್ ಒತ್ತಿದ್ರೆ ಮೆನು, ಅಲ್ಲಿ ಕೀಗಳನ್ನ ಬದಲಾಯಿಸ್ಕೊಳ್ಳಿ.

ಲ್ಯಾಪ್‌ಟಾಪ್ ಹಳೇದು ಅಂತ ನೆಪ ಬೇಡ. 1980ರ ಪ್ಯಾಕ್‌ಮ್ಯಾನ್‌ನ ಪ್ರೊಸೆಸರ್ ವೇಗ ಸುಮಾರು 3 ಮೆಗಾಹರ್ಟ್ಸ್. ನಮ್ಮನೆ ಡಬ್ಬಾ ಕಂಪ್ಯೂಟರ್ ಕೂಡ ಆ ಕಾಲದ ಗೇಮ್‌ಗಳಿಗೆ ಧಾರಾಳ.

5/8
“ಪ್ಯಾಕ್ ಆದ್ರೆ ಎಲ್ಲ ರೆಡಿ ಇರುತ್ತೆ, ಮೇಮ್‌ನಲ್ಲಿ ಬರೀ ಎರರ್.” ಇದು ಎಲ್ಲರ ದೂರು. ಆ ಎರರ್ ನಿಮಗೆ ಪಾಠ ಹೇಳ್ತಿದೆ.

ಪ್ರತಿ ರಾಮ್ ಫೈಲ್‌ಗೂ ಮೇಮ್ ಒಳಗೆ ಚೆಕ್‌ಸಮ್ ಇದೆ. ಫೈಲ್‌ನಲ್ಲಿ ಒಂದು ಬಿಟ್ ಬದಲಾದ್ರೂ “ಇದು ಅಸಲಿ ಚಿಪ್‌ನಲ್ಲಿದ್ದದ್ದಲ್ಲ” ಅಂತ ಗೊತ್ತಾಗುತ್ತೆ. ಸುಮಾರು ತಿಂಗಳಿಗೊಂದು ಹೊಸ ಆವೃತ್ತಿ ಬರುತ್ತೆ. ಯಾರಾದ್ರೂ ಒಂದು ಚಿಪ್ ಮತ್ತೆ ಸರಿಯಾಗಿ ಓದಿದ್ರೆ ಬೇಕಾದ ಫೈಲ್‌ಗಳ ಪಟ್ಟಿ ಬದಲಾಗುತ್ತೆ. ಅದಕ್ಕೇ ಹಳೇ ರಾಮ್ ಹೊಸ ಮೇಮ್‌ನಲ್ಲಿ ಓಡ್ದೇ ಇರಬಹುದು.

ಇನ್ನೊಂದು, ಪೇರೆಂಟ್–ಕ್ಲೋನ್ ವ್ಯವಸ್ಥೆ. ಒಂದೇ ಗೇಮ್‌ನ ಜಪಾನ್, ಅಮೆರಿಕ ಆವೃತ್ತಿಗಳಲ್ಲಿ ವ್ಯತ್ಯಾಸ ಇರೋ ಫೈಲ್ ಮಾತ್ರ ಕ್ಲೋನ್ ಝಿಪ್‌ನಲ್ಲಿರುತ್ತೆ, ಉಳಿದದ್ದು ಪೇರೆಂಟ್‌ನಲ್ಲಿ. ಎರಡೂ ಇಲ್ಲ ಅಂದ್ರೆ ಓಡಲ್ಲ. ನಿಯೊ ಜಿಯೊ ಗೇಮ್‌ಗೆ ಅದರ ಬಯಾಸ್ ಝಿಪ್ ಬೇರೆ ಬೇಕು.

ಡಿಬಿಎಂಎಸ್‌ನಲ್ಲಿ ಒಂದೇ ಡೇಟಾ ಎರಡು ಸಲ ಇಡಬಾರದು ಅಂತ ಸೆಮಿಸ್ಟರ್ ಪೂರ್ತಿ ಓದಿದ್ವಲ್ಲ, ಇಲ್ಲಿ ಅದೇ ಕಣ್ಣೆದುರಿಗಿದೆ. ಪ್ಯಾಕ್ ಮಾರೋನು ಇದನ್ನೆಲ್ಲ ಮುಚ್ಚಿಡ್ತಾನೆ. ಎಷ್ಟೋ ಸಲ ತೀರಾ ಹಳೇ ಆವೃತ್ತಿ ತುರುಕಿರ್ತಾನೆ, ಸೌಂಡ್ ಗೊರಗೊರ ಅಂದ್ರೂ “ಒರಿಜಿನಲ್ಲೇ ಹಂಗೆ” ಅಂತಾನೆ. ನಂಬ್ತೀವಿ, ಯಾಕಂದ್ರೆ ಒರಿಜಿನಲ್ ನಾವ್ಯಾರೂ ನೋಡಿಲ್ಲ.

6/8
ಈಗ ಕಾನೂನು. ಇಲ್ಲಿ ಸುಳ್ಳು ಹೇಳೋದು ಬೇಡ.

ಎಮ್ಯುಲೇಟರ್ ಕಳ್ಳತನ ಅಲ್ಲ. ಸೋನಿ–ಕನೆಕ್ಟಿಕ್ಸ್ ಕೇಸ್‌ನಲ್ಲಿ 2000ನೇ ಇಸವಿಯಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟ್, ಎಮ್ಯುಲೇಟರ್ ಮಾಡೋಕೆ ಪ್ಲೇಸ್ಟೇಷನ್‌ನ ಕೋಡ್ ಬಿಚ್ಚಿ ನೋಡಿದ್ದು ತಪ್ಪಲ್ಲ ಅಂತ ಹೇಳಿತು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲೂ, ಪ್ರೋಗ್ರಾಮ್‌ನ ಪ್ರತಿಯನ್ನ ಕಾನೂನುಬದ್ಧವಾಗಿ ಇಟ್ಕೊಂಡಿರೋರು ಬ್ಯಾಕಪ್ ಮಾಡ್ಕೊಳ್ಳೋಕೆ ಅವಕಾಶ ಇದೆ.

ಆದ್ರೆ ಬೋರ್ಡೇ ಇಲ್ಲದೆ ಎಲ್ಲಿಂದಲೋ ಇಳಿಸಿದ ರಾಮ್ ಬ್ಯಾಕಪ್ ಆಗಲ್ಲ. “ಕಂಪನಿಗೇ ಬೇಡದ ಗೇಮ್, ನಾವು ತಗೊಂಡ್ರೆ ಏನು?” ಅಂತೀರಿ. ಮಾರಾಟ ನಿಲ್ಲಿಸಿದ ಮಾತ್ರಕ್ಕೆ ಹಕ್ಕು ಹೋಗಲ್ಲ. ಪಕ್ಕದ ಮನೆಯವರು ಸೈಟು ಖಾಲಿ ಬಿಟ್ಟಿದ್ದಾರೆ ಅಂತ ನಾವು ಶೆಡ್ ಹಾಕ್ತೀವಾ?

“ನೀನು ಮುಸ್ತಫಾ ಆಡೇ ಇಲ್ವಾ?” ಅಂತ ಕೇಳೋರಿಗೆ: ಆಡಿದ್ದೀನಿ. ಏಳನೇ ಕ್ಲಾಸ್‌ನಲ್ಲಿ, ಅಣ್ಣನ ಕಂಪ್ಯೂಟರ್‌ನಲ್ಲಿ, ಇದೇ ಥರದ ಪ್ಯಾಕ್‌ನಿಂದ. ಸಾಚಾ ಅಂತ ಹೇಳ್ಕೊಳ್ತಿಲ್ಲ. ಮಾಡಿದ್ದನ್ನ ‘ಪ್ರಿಸರ್ವೇಷನ್’ ಅಂತ ದೊಡ್ಡ ಹೆಸರಿಟ್ಟು ಕರೆಯಬೇಡಿ ಅಂತಿದ್ದೀನಿ ಅಷ್ಟೇ.

ಕೊಳ್ಳೋಕೆ ಸಿಗೋದನ್ನ ಕೊಳ್ಳಿ. ‘ಕ್ಯಾಪ್ಕಾಮ್ ಆರ್ಕೇಡ್ ಸ್ಟೇಡಿಯಂ’ 2021ರಲ್ಲಿ ಕಂಪ್ಯೂಟರ್‌ಗೂ ಬಂತು, ಅದರಲ್ಲಿ ‘ಫೈನಲ್ ಫೈಟ್’ ಇದೆ. ‘ಮೆಟಲ್ ಸ್ಲಗ್’ ಸ್ಟೀಮ್‌ನಲ್ಲಿದೆ. ಸೇಲ್ ಬಂದಾಗ ನೋಡಿ.

7/8
ಬೈಗುಳ ನಮಗಷ್ಟೇ ಅಲ್ಲ. ಕಂಪನಿಗಳಿಗೂ ಇದೆ.

ನಾವು ಇಷ್ಟೆಲ್ಲ ಹುಡುಕೋ ‘ಮುಸ್ತಫಾ’ ಮನೆಯ ಯಾವ ಕನ್ಸೋಲ್‌ಗೂ ಬರಲಿಲ್ಲ. ಆ ಸ್ಟೇಡಿಯಂ ಸಂಗ್ರಹದಲ್ಲೂ ಇಲ್ಲ. ಕಾಮಿಕ್‌ನ ಹಕ್ಕು ಒಬ್ಬರದು, ಕಾರಿನ ಹೆಸರು ಇನ್ನೊಬ್ಬರದು, ಗೇಮ್ ಮತ್ತೊಬ್ಬರದು. ದುಡ್ಡು ಕೈಲಿಟ್ಕೊಂಡು ನಿಂತವನಿಗೂ ಅಂಗಡಿ ಬಾಗಿಲು ಮುಚ್ಚಿದೆ.

ಇನ್ನೂ ಕೇಳಿ. ಕ್ಯಾಪ್ಕಾಮ್‌ನ ಮುಂದಿನ ತಲೆಮಾರಿನ ಸಿಪಿಎಸ್-2 ಬೋರ್ಡ್‌ಗಳಲ್ಲಿ ಗೇಮ್‌ನ ಕೋಡ್‌ಗೆ ಬೀಗ ಹಾಕಿ, ಬೀಗದ ಕೀಯನ್ನ ಬ್ಯಾಟರಿ ಮೇಲೆ ನಿಂತಿರೋ ಮೆಮೊರಿಯಲ್ಲಿ ಇಟ್ಟಿದ್ರು. ಕಳ್ಳ ಕಾಪಿ ತಡೆಯೋಕೆ. ಬ್ಯಾಟರಿ ಸತ್ತ ದಿನ ಕೀ ಅಳಿಸಿಹೋಗುತ್ತೆ, ಬೋರ್ಡೂ ಸತ್ತಂಗೆ. ದುಡ್ಡು ಕೊಟ್ಟು ತಂದ ಮಾಲೀಕನಿಗೂ ಅದೇ ಗತಿ. ಹವ್ಯಾಸಿಗಳು ವರ್ಷಗಟ್ಟಲೆ ಕೂತು ಆ ಬೀಗ ಬಿಡಿಸದಿದ್ರೆ ಆ ಗೇಮ್‌ಗಳು ಒಂದೊಂದಾಗಿ ಉಸಿರು ಬಿಡ್ತಿದ್ವು.

ಹಾಗಾಗಿ ಯಾವ ಕಂಪನಿಯೂ ನಮಗೆ ನೀತಿಪಾಠ ಹೇಳೋ ಮೊದಲು ಒಂದೋ ಗೇಮ್ ಮಾರಲಿ, ಇಲ್ಲವೇ ಗ್ರಿಡ್ಲೀ ಹಕ್ಕುದಾರರ ಥರ ಬಿಟ್ಟುಕೊಡಲಿ. ಎರಡೂ ಮಾಡದೆ ಬರೀ “ಕಳ್ಳರು” ಅಂದ್ರೆ ಆ ಮಾತಿಗೆ ಬೆಲೆ ಇಲ್ಲ.

8/8
ಕೊನೇ ಮಾತು.

ಇಬ್ಬರಿಗೂ ಬೈದಾಯ್ತು. ಕಂಪನಿಯ ತಪ್ಪನ್ನ ನಾನು ಸರಿ ಮಾಡೋಕಾಗಲ್ಲ. ನಮ್ಮ ತಪ್ಪನ್ನ ನಾವು ಇವತ್ತೇ ಸರಿ ಮಾಡ್ಕೊಬಹುದು.

ಒಂದು, ಗೊತ್ತಿಲ್ಲದ ಸೆಟಪ್ ಫಾರ್ವರ್ಡ್ ಮಾಡಬೇಡಿ. ನಿಮ್ಮಿಂದ ಇನ್ನೊಬ್ಬನ ಮನೆಯ ಮದುವೆ ಫೋಟೊ ಹೋಗೋದು ಬೇಡ.
ಎರಡು, ಈ ಭಾನುವಾರ ಮೇಮ್ ಹಾಕಿ, ಉಚಿತ ಗೇಮ್ ಒಂದನ್ನ ನೀವೇ ಓಡಿಸಿ. 5 ಒತ್ತಿದಾಗ ಕಾಯಿನ್ ಬಿದ್ದ ಶಬ್ದ ಬರುತ್ತಲ್ಲ, ಆ ಖುಷಿ ಯಾವ ಪ್ಯಾಕೂ ಕೊಡಲ್ಲ.
ಮೂರು, ನಿಮ್ಮ ಮಾವನೋ ಅಣ್ಣನೋ ಹೋಗ್ತಿದ್ದ ಗೇಮ್ ಅಂಗಡಿ ಎಲ್ಲಿತ್ತು, ಕಾಯಿನ್‌ಗೆ ಎಷ್ಟಿತ್ತು, ಯಾವ ಗೇಮ್‌ಗೆ ಏನಂತ ಕರೀತಿದ್ರು ಅಂತ ಕೇಳಿ ಬರೆದಿಡಿ. ಚಿಪ್ ಒಳಗಿದ್ದದ್ದನ್ನ ಮೇಮ್ ಉಳಿಸಿದೆ. ‘ಮುಸ್ತಫಾ’ ಅನ್ನೋ ಹೆಸರು ಮಾತ್ರ ಯಾವ ಚಿಪ್‌ನಲ್ಲೂ ಗೇಮ್‌ನ ಹೆಸರಾಗಿ ಇಲ್ಲ. ಅದು ನಮ್ಮೋರು ಇಟ್ಟಿದ್ದು, ನಾವೇ ಉಳಿಸ್ಕೊಬೇಕು.

ಲಿಂಕ್ ಕೇಳೋಕೆ ಡಿಎಂ ಮಾಡಬೇಡಿ. ಎರರ್ ಬಂದ್ರೆ ಸ್ಕ್ರೀನ್‌ಶಾಟ್ ಸಮೇತ ಮಾಡಿ, ಖಂಡಿತ ಕೂತು ನೋಡೋಣ. ಒಪ್ಪದೇ ಇರೋರು ಕಾಮೆಂಟ್‌ನಲ್ಲಿ ಬನ್ನಿ, ಜಗಳ ಆಡೋಣ. 🕹️

#ಆರ್ಕೇಡ್ #ಮೇಮ್ #ಮುಸ್ತಫಾ_ಅಲ್ಲ_ಕ್ಯಾಡಿಲಾಕ್ಸ್ #ಲಿಂಕ್_ಕೇಳ್ಬೇಡಿ_ಕಲೀರಿ